ಸೌಂದರ್ಯ ಚಿಕಿತ್ಸಾಲಯಗಳ ಜಾಹೀರಾತು ನಿಯಮಗಳು

ಹಣೆಯ ಸುಕ್ಕು ಬಿಡಿಸುವುದು, ತುಟಿ ತುಂಬಿಸುವುದು, ಕೂದಲು ನಾಟಿ, ಮೈಬಣ್ಣ ತಿಳಿಗೊಳಿಸುವುದು, ಬೊಜ್ಜು ಇಳಿಸುವುದು ಮೊದಲಾದ ಸೇವೆಗಳನ್ನು ಕೊಡುವ ಸ್ಕಿನ್ ಕ್ಲಿನಿಕ್ಕುಗಳು ಜನರ ಮುಂದೆ ಏನನ್ನು ಹೇಳಬಹುದು, ಏನನ್ನು ಹೇಳಬಾರದು ಎಂದು ಗೊತ್ತುಮಾಡುವ ಕಾನೂನುಗಳು, ವೃತ್ತಿಸಂಹಿತೆಗಳು ಮತ್ತು ಜಾಹೀರಾತು ಉದ್ಯಮದ ಸ್ವನಿಯಂತ್ರಣ ಕಟ್ಟಳೆಗಳು ಈ ಲೇಖನದ ವಿಷಯ. ಇವುಗಳಲ್ಲಿ ಕಠಿಣವಾದವು ವೈದ್ಯರ ಚೀಟಿ ಇಲ್ಲದೆ ಕೊಡಬಾರದ ಔಷಧಗಳಿಗೆ ಸಂಬಂಧಿಸಿದವು. ಮುಂದೆ ಇವನ್ನು ಚೀಟಿ ಔಷಧಗಳೆಂದೇ ಕರೆಯಲಾಗಿದೆ. ಬೊಟ್ಯುಲಿನಮ್ ಟಾಕ್ಸಿನ್, ಅಂದರೆ ಜನ ಬೊಟಾಕ್ಸ್ ಎಂದು ಕರೆಯುವ ಚುಚ್ಚುಮದ್ದು, ಇವುಗಳಲ್ಲಿ ಎಲ್ಲಕ್ಕಿಂತ ಹೆಸರುವಾಸಿ. ಸ್ಟಿರಾಯ್ಡ್ ಕ್ರೀಮುಗಳು, ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್ ಗುಳಿಗೆ, ಈಚೆಗೆ ಬಂದ ತೂಕ ಇಳಿಸುವ ಚುಚ್ಚುಮದ್ದುಗಳು ಕೂಡ ಇದೇ ಸಾಲಿಗೆ ಸೇರುತ್ತವೆ.

ಸಾಮಾನ್ಯ ಜಾಹೀರಾತಿಗೆ ಇರುವ ನಿಯಮ ಒಂದೇ: ಸುಳ್ಳು ಹೇಳಬೇಡ. ಚೀಟಿ ಔಷಧದ ವಿಷಯದಲ್ಲಿ ಬ್ರಿಟನ್, ಯುರೋಪ್ ಮತ್ತು ಆಸ್ಟ್ರೇಲಿಯಾದ ಕಾನೂನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ನಿಜವನ್ನೇ ಹೇಳುವ ಜಾಹೀರಾತನ್ನೂ ತಡೆಯುತ್ತದೆ. ಭಾರತದ ಕಾನೂನು ಈ ಹೆಜ್ಜೆಯನ್ನು ಅರ್ಧ ಮಾತ್ರ ಇಟ್ಟಿದೆ. ನಮ್ಮ ಊರಿನ ಬಸ್ ನಿಲ್ದಾಣದ ಫಲಕಗಳಲ್ಲಿ, ಮೊಬೈಲ್ ಪರದೆಯಲ್ಲಿ ಕಾಣುವುದಕ್ಕೂ ಆ ದೇಶಗಳಲ್ಲಿ ಕಾಣಲು ಬಿಡುವುದಕ್ಕೂ ಇರುವ ಅಂತರಕ್ಕೆ ಮುಖ್ಯ ಕಾರಣ ಇದು.

ನಿಜ ಹೇಳಿದರೂ ಏಕೆ ತಪ್ಪು

ಬೊಟ್ಯುಲಿನಮ್ ಟಾಕ್ಸಿನ್ ಎಂಬುದು ಕ್ಲಾಸ್ಟ್ರಿಡಿಯಮ್ ಬೊಟ್ಯುಲಿನಮ್ ಎಂಬ ಬ್ಯಾಕ್ಟೀರಿಯಾ ತಯಾರಿಸುವ ವಿಷ. ಕೆಟ್ಟ ಡಬ್ಬಿ ಆಹಾರ ತಿಂದವರ ಸ್ನಾಯುಗಳು ಸ್ವಾಧೀನ ತಪ್ಪುವಂತೆ ಮಾಡುವ ವಿಷವೂ ಇದೇ. ಸ್ಯಾನ್ ಫ್ರಾನ್ಸಿಸ್ಕೊದ ಕಣ್ಣಿನ ವೈದ್ಯ ಅಲನ್ ಸ್ಕಾಟ್ ಇದನ್ನು ಮೆಳ್ಳೆಗಣ್ಣಿನ ಚಿಕಿತ್ಸೆಗೆ ಬಳಸಿ ತೋರಿಸಿದರು. 1989ರಲ್ಲಿ ಅಮೆರಿಕದ ಔಷಧ ಆಡಳಿತ ಮೆಳ್ಳೆಗಣ್ಣು ಮತ್ತು ರೆಪ್ಪೆಸೆಳೆತಕ್ಕೆ ಇದನ್ನು ಒಪ್ಪಿತು. ಕೆನಡಾದ ವ್ಯಾಂಕೂವರಿನಲ್ಲಿ ಜೀನ್ ಕ್ಯಾರುದರ್ಸ್ ಎಂಬ ಕಣ್ಣಿನ ವೈದ್ಯೆ, ಕಣ್ಣಿಗೆಂದು ಚುಚ್ಚಿಸಿಕೊಂಡವರ ಹುಬ್ಬಿನ ನಡುವಣ ಗೆರೆಗಳೂ ಮಾಯವಾಗುವುದನ್ನು ಗಮನಿಸಿದರು. ಚರ್ಮವೈದ್ಯರಾಗಿದ್ದ ಅವರ ಪತಿ ಅಲಸ್ಟೇರ್ ಕ್ಯಾರುದರ್ಸ್ ಜೊತೆ ಸೇರಿ ಆ ಬಳಕೆಯನ್ನು ಬೆಳೆಸಿದರು. ಹುಬ್ಬಿನ ನಡುವಣ ಗೆರೆಗಳಿಗೆ ಅಮೆರಿಕದ ಒಪ್ಪಿಗೆ ಸಿಕ್ಕಿದ್ದು 2002ರಲ್ಲಿ. 2009ರಲ್ಲಿ ಅದೇ ಆಡಳಿತ, ಚುಚ್ಚಿದ ಜಾಗದಿಂದ ವಿಷ ದೂರಕ್ಕೆ ಹರಡಿ ನುಂಗಲು, ಉಸಿರಾಡಲು ತೊಂದರೆಯಾಗಬಹುದು ಎಂಬ ಎಚ್ಚರಿಕೆಯನ್ನು ಚೌಕಟ್ಟು ಹಾಕಿ ಮುದ್ರಿಸಬೇಕೆಂದು ವಿಧಿಸಿತು.

ಈ ಔಷಧ ಬರುವುದು ಪುಟ್ಟ ಗಾಜಿನ ಸೀಸೆಯಲ್ಲಿ. ಬೆಳಕಿಗೆ ಹಿಡಿದರೆ ಸೀಸೆ ಖಾಲಿ ಎಂದೇ ಅನ್ನಿಸುತ್ತದೆ. ತಳದಲ್ಲಿ ಅಂಟಿದ ತೆಳು ಬಿಳಿ ಪೊರೆಯೇ ಮದ್ದು. ಅದಕ್ಕೆ ಲವಣಜಲ ಬೆರೆಸಿ ಕರಗಿಸಿ, ಅಳತೆಯ ಸೂಜಿಯಲ್ಲಿ ಎಳೆದು, ಎಷ್ಟು ಯೂನಿಟ್ ಎಲ್ಲಿಗೆ ಎಂದು ಲೆಕ್ಕ ಹಾಕಿ ಚುಚ್ಚಬೇಕು. ಒಂದು ಕಂಪನಿಯ ಯೂನಿಟ್ ಇನ್ನೊಂದು ಕಂಪನಿಯ ಯೂನಿಟ್ಟಿಗೆ ಸಮವಲ್ಲ. ಎಷ್ಟು ಲವಣಜಲ ಬೆರೆಸಿದರು ಎಂಬುದು ಹಾಸಿಗೆಯಲ್ಲಿ ಒರಗಿದವರಿಗೆ ಗೊತ್ತಾಗುವುದಿಲ್ಲ. ‘ಒಂದು ಏರಿಯಾಕ್ಕೆ ಇಷ್ಟು, ಮೂರು ಏರಿಯಾಕ್ಕೆ ಇಷ್ಟು’ ಎಂಬ ದರಪಟ್ಟಿ ಓದಿದವರು ಏರಿಯಾ ಎಣಿಸುತ್ತಾರೆ, ಯೂನಿಟ್ ಎಣಿಸುವುದಿಲ್ಲ. ಪರಿಣಾಮ ಮೂರು ನಾಲ್ಕು ತಿಂಗಳಲ್ಲಿ ಇಳಿಯುವುದರಿಂದ ಮತ್ತೆ ಮತ್ತೆ ಬರಬೇಕು. ಹೀಗೆ ಒಮ್ಮೆ ಸೆಳೆದ ಗಿರಾಕಿ ವರ್ಷಗಟ್ಟಲೆ ಗಿರಾಕಿಯಾಗಿ ಉಳಿಯುವುದರಿಂದಲೇ ಮೊದಲ ಭೇಟಿಗೆ ರಿಯಾಯಿತಿ ಕೊಟ್ಟು ಕರೆಯುವುದು ಕ್ಲಿನಿಕ್ಕಿಗೆ ಲಾಭದಾಯಕ.

ಚೀಟಿ ಔಷಧ ಎಂದರೆ, ಇದು ಬೇಕೋ ಬೇಡವೋ ಎಂಬ ತೀರ್ಮಾನವನ್ನು ರೋಗಿಯನ್ನು ಎದುರಿಗೆ ಕೂರಿಸಿಕೊಂಡು ವೈದ್ಯರು ಮಾಡಬೇಕು ಎಂದರ್ಥ. ಬಸುರಿಯೇ, ಹಾಲೂಡಿಸುವ ತಾಯಿಯೇ, ಮಯಸ್ತೀನಿಯಾದಂಥ ಸ್ನಾಯುದೌರ್ಬಲ್ಯ ಇದೆಯೇ, ಬೇರೆ ಮಾತ್ರೆ ನುಂಗುತ್ತಿದ್ದಾರೆಯೇ ಎಂದು ವಿಚಾರಿಸಿದ ಮೇಲೆ ಬರಬೇಕಾದ ತೀರ್ಮಾನ ಅದು. ಜಾಹೀರಾತು ಈ ಕ್ರಮವನ್ನು ತಿರುಗುಮುರುಗು ಮಾಡುತ್ತದೆ. ಮದ್ದಿನ ಹೆಸರನ್ನೂ ಬೆಲೆಯನ್ನೂ ಮನಸ್ಸಿನಲ್ಲಿ ನಿಶ್ಚಯಿಸಿಕೊಂಡು ಬಂದವರ ಎದುರು ವೈದ್ಯರು ಅಂಗಡಿಯವರಾಗುತ್ತಾರೆ. ಮುಂಗಡ ಹಣ ಕಟ್ಟಿ ಬಂದವರಿಗೆ ‘ನಿಮಗೆ ಇದು ಬೇಡ’ ಎನ್ನುವುದು ಎಷ್ಟು ಕಷ್ಟವೆಂಬುದನ್ನು ಯಾವ ಪ್ರಾಮಾಣಿಕ ವೈದ್ಯರೂ ಬಲ್ಲರು.

ಬ್ರಿಟನ್

ಈ ನಿಯಮಗಳನ್ನು ಅತ್ಯಂತ ವಿವರವಾಗಿ ಬೆಳೆಸಿರುವ ದೇಶಗಳಲ್ಲಿ ಬ್ರಿಟನ್ ಒಂದು. ಅಲ್ಲಿನ 2012ರ ಮಾನವ ಔಷಧ ನಿಯಮಾವಳಿಯ 284ನೆಯ ನಿಯಮ, ಚೀಟಿ ಔಷಧದ ಬಳಕೆಗೆ ದಾರಿ ಮಾಡಬಹುದಾದ ಜಾಹೀರಾತನ್ನು ಸಾರ್ವಜನಿಕರ ಮುಂದೆ ಇಡುವುದನ್ನು ನಿಷೇಧಿಸುತ್ತದೆ. ಇದನ್ನು ಜಾರಿಗೊಳಿಸುವುದು ಔಷಧ ಮತ್ತು ಆರೋಗ್ಯ ಉತ್ಪನ್ನಗಳ ನಿಯಂತ್ರಣ ಸಂಸ್ಥೆ. 1962ರಲ್ಲಿ ಆರಂಭವಾದ ಜಾಹೀರಾತು ಮಾನದಂಡ ಪ್ರಾಧಿಕಾರ ಜಾರಿಮಾಡುವ ಸಂಹಿತೆಯ 12.12ನೆಯ ನಿಯಮವೂ ಇದನ್ನೇ ಹೇಳುತ್ತದೆ. ಈ ಪ್ರಾಧಿಕಾರಕ್ಕೆ ದಂಡ ಹಾಕುವ ಅಧಿಕಾರ ಇಲ್ಲ. ತೀರ್ಪನ್ನು ಹೆಸರು ಸಮೇತ ಪ್ರಕಟಿಸುತ್ತದೆ, ಜಾಲತಾಣಗಳಿಂದ ಪೋಸ್ಟ್ ತೆಗೆಸುತ್ತದೆ, ಮಾತು ಕೇಳದವರನ್ನು ಔಷಧ ನಿಯಂತ್ರಣ ಸಂಸ್ಥೆಗೆ ಒಪ್ಪಿಸುತ್ತದೆ.

ನಿಯಮದ ನಿಜವಾದ ಸ್ವಾರಸ್ಯ ಇರುವುದು ಅದರ ಸೂಕ್ಷ್ಮಗಳಲ್ಲಿ. ಕ್ಲಿನಿಕ್ಕು ತನ್ನ ಸಮಾಲೋಚನೆಯನ್ನು ಪ್ರಚಾರ ಮಾಡಬಹುದು, ಮದ್ದನ್ನು ಮಾಡಕೂಡದು. ‘ಮುಖದ ಗೆರೆ, ಸುಕ್ಕುಗಳ ಚಿಕಿತ್ಸೆಗೆ ಸಮಾಲೋಚನೆ’ ಎಂದರೆ ಸರಿ. ‘ಬೊಟಾಕ್ಸ್’ ಎಂದರೆ ತಪ್ಪು. ಹೆಸರು ಬಿಟ್ಟು ‘ಸುಕ್ಕು ನಿವಾರಕ ಚುಚ್ಚುಮದ್ದು’ ಎಂದರೂ, ಓದುವವರಿಗೆ ಅದು ಯಾವ ಮದ್ದೆಂದು ತಿಳಿಯುವುದರಿಂದ ತಪ್ಪೇ. ಅಕ್ಷರ ತಿರುಚಿ ಬರೆದರೂ, ಹ್ಯಾಶ್‌ಟ್ಯಾಗಿನಲ್ಲಿ ಸೇರಿಸಿದರೂ, ಸೀಸೆಯ ಚಿತ್ರ ಮಾತ್ರ ಹಾಕಿದರೂ, ಚುಚ್ಚಿಸಿಕೊಂಡವರ ‘ಮೊದಲು–ನಂತರ’ ಫೋಟೊ ಇಟ್ಟರೂ ಫಲಿತಾಂಶ ಒಂದೇ. ಕ್ಲಿನಿಕ್ಕಿನ ಜಾಲತಾಣದ ಮುಖಪುಟದಲ್ಲಿ ಹೆಸರು ಬರುವಂತಿಲ್ಲ. ಸಮಾಲೋಚನೆಯ ಸಂದರ್ಭದಲ್ಲಿ, ಒಳಪುಟದಲ್ಲಿ, ಹೊಗಳಿಕೆ ಇಲ್ಲದ ಸಮತೂಕದ ಮಾಹಿತಿಯಾಗಿ ಅದನ್ನು ಕೊಡಬಹುದು. 2020ರ ಜನವರಿಯಲ್ಲಿ ಇನ್‌ಸ್ಟಾಗ್ರಾಮಿನಲ್ಲಿ ಬೊಟಾಕ್ಸ್ ಜಾಹೀರಾತು ಹಾಕುವವರಿಗೆ ಎರಡೂ ಸಂಸ್ಥೆಗಳ ಕಡೆಯಿಂದ ಎಚ್ಚರಿಕೆಯ ಸೂಚನೆ ಹೋಯಿತು. ಆಮೇಲಿನ ವರ್ಷಗಳಲ್ಲಿ ಗಮನ ತೂಕ ಇಳಿಸುವ ಚುಚ್ಚುಮದ್ದುಗಳ ಕಡೆ ತಿರುಗಿ, 2025ರ ಜುಲೈನಲ್ಲಿ ಒಂಬತ್ತು ಜಾಹೀರಾತುಗಳ ವಿರುದ್ಧ ತೀರ್ಪು ಬಂತು. ಮದ್ದಿನ ಹೆಸರು ಹೇಳದೆ ಸೂಚನೆಯಲ್ಲೇ ಸಾಗಹಾಕುವ ಜಾಣತನ ಅಲ್ಲೂ ನಡೆಯಲಿಲ್ಲ.

ಒಂದು ವಿಪರ್ಯಾಸ ಉಳಿದಿದೆ. ತುಟಿ, ಕೆನ್ನೆ ತುಂಬಿಸುವ ಫಿಲ್ಲರುಗಳು ಬ್ರಿಟನ್ನಿನಲ್ಲಿ ಔಷಧವೆಂದು ಲೆಕ್ಕವಿಲ್ಲ. ಆದ್ದರಿಂದ ಅವುಗಳ ಜಾಹೀರಾತಿಗೆ ಚೀಟಿ ಔಷಧದ ನಿಷೇಧ ತಾಗುವುದಿಲ್ಲ. ರಕ್ತನಾಳಕ್ಕೆ ಹೊಕ್ಕ ಫಿಲ್ಲರು ಚರ್ಮವನ್ನು ಕೊಳೆಸಬಲ್ಲದು, ಕಣ್ಣನ್ನು ಶಾಶ್ವತವಾಗಿ ಕಳೆಯಬಲ್ಲದು. ಅಪಾಯ ಕಡಿಮೆ ಇರುವುದನ್ನು ಮುಚ್ಚಿ, ಹೆಚ್ಚಿರುವುದನ್ನು ತೆರೆದಿಟ್ಟಂತಾಗಿದೆ ಎಂಬ ಟೀಕೆ ನ್ಯಾಯವಾದದ್ದು. ಫ್ರಾನ್ಸಿನ ಪಿಐಪಿ ಕಂಪನಿಯ ಸ್ತನ ಇಂಪ್ಲಾಂಟುಗಳಲ್ಲಿ ಕೈಗಾರಿಕಾ ಸಿಲಿಕೋನ್ ತುಂಬಿದ್ದ ಹಗರಣದ ಬೆನ್ನಿಗೆ ಬ್ರೂಸ್ ಕೀಯೊ ನೇತೃತ್ವದಲ್ಲಿ ನಡೆದ ಪರಿಶೀಲನೆ 2013ರಲ್ಲೇ ಫಿಲ್ಲರುಗಳ ಬಗ್ಗೆ ಗಟ್ಟಿ ಎಚ್ಚರಿಕೆ ಕೊಟ್ಟು, ಅವನ್ನೂ ಚೀಟಿಯ ಅಡಿಗೆ ತರಬೇಕೆಂದಿತ್ತು. ಆ ಶಿಫಾರಸು ಜಾರಿಗೆ ಬರಲಿಲ್ಲ.

ಮಕ್ಕಳ ವಿಷಯದಲ್ಲಿ ಮಾತ್ರ ಕಾನೂನು ಬೇಗ ನಡೆಯಿತು. 2021ರ ಅಕ್ಟೋಬರ್ 1ರಿಂದ ಇಂಗ್ಲೆಂಡಿನಲ್ಲಿ 18 ವರ್ಷದೊಳಗಿನವರಿಗೆ ಸೌಂದರ್ಯಕ್ಕಾಗಿ ಬೊಟಾಕ್ಸ್ ಅಥವಾ ಫಿಲ್ಲರ್ ಚುಚ್ಚುವುದು ಅಪರಾಧ. 2022ರ ಮೇ 25ರಿಂದ ಸೌಂದರ್ಯ ಚಿಕಿತ್ಸೆಗಳ ಯಾವ ಜಾಹೀರಾತನ್ನೂ ಆ ವಯಸ್ಸಿನವರ ಕಡೆ ಗುರಿಯಿಡುವಂತಿಲ್ಲ. ವೈದ್ಯರ ಮೇಲಿನ ವೃತ್ತಿನಿಯಮಗಳೂ ಜೊತೆಗೂಡುತ್ತವೆ. 2016ರಲ್ಲಿ ಜಾರಿಗೆ ಬಂದ ಬ್ರಿಟನ್ ವೈದ್ಯ ಮಂಡಳಿಯ ಮಾರ್ಗಸೂಚಿಯ ಪ್ರಕಾರ ಚಿಕಿತ್ಸೆಯನ್ನು ಬಹುಮಾನವಾಗಿ ಕೊಡುವಂತಿಲ್ಲ, ಯೋಚಿಸದೆ ಒಪ್ಪುವಂತೆ ಮಾಡುವ ಪ್ರಚಾರತಂತ್ರ ಬಳಸುವಂತಿಲ್ಲ. 2025ರ ಜೂನ್ 1ರಿಂದ ಚೀಟಿ ಬರೆಯುವ ಅಧಿಕಾರವಿರುವ ನರ್ಸ್‌ಗಳೂ ಸೌಂದರ್ಯದ ಚೀಟಿ ಔಷಧ ಬರೆಯುವ ಮುನ್ನ ರೋಗಿಯನ್ನು ಮುಖತಃ ನೋಡಲೇಬೇಕು.

ಆಸ್ಟ್ರೇಲಿಯಾ ಮತ್ತು ಇತರ ದೇಶಗಳು

ಆಸ್ಟ್ರೇಲಿಯಾ ಬ್ರಿಟನ್ನಿಗಿಂತ ಒಂದು ಕೈ ಮೇಲೆ. 1989ರ ಚಿಕಿತ್ಸಾ ಸರಕುಗಳ ಕಾಯ್ದೆಯಡಿ ನಾಲ್ಕನೆಯ ಅನುಸೂಚಿಯ ವಸ್ತುಗಳನ್ನು ಜನರಿಗೆ ಜಾಹೀರಾತು ಮಾಡುವಂತಿಲ್ಲ, ಮತ್ತು ಅಲ್ಲಿ ಚುಚ್ಚುವ ಹೈಲುರಾನಿಕ್ ಆಮ್ಲದ ಫಿಲ್ಲರೂ ಅದೇ ಅನುಸೂಚಿಯಲ್ಲಿದೆ. ಬ್ರಿಟನ್ನಿನ ಮೇಲಿನ ವಿಪರ್ಯಾಸ ಅಲ್ಲಿಲ್ಲ. ಹಿಂದೆ ‘ಸುಕ್ಕು ನಿವಾರಕ ಚುಚ್ಚುಮದ್ದು’ ಎಂಬ ಮಾತಿಗೆ ಅವಕಾಶವಿತ್ತು. 2024ರ ಹೊತ್ತಿಗೆ ನಿಯಂತ್ರಕರು ಅದನ್ನೂ ಮುಚ್ಚಿದರು. ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಕಾನೂನಿನ 133ನೆಯ ಪ್ರಕರಣ ರೋಗಿಗಳ ಪ್ರಶಂಸಾಪತ್ರಗಳನ್ನು ಜಾಹೀರಾತಿನಲ್ಲಿ ಬಳಸುವುದನ್ನು ತಡೆಯುತ್ತದೆ. ಸೌಂದರ್ಯ ಶಸ್ತ್ರಚಿಕಿತ್ಸೆಯ ಜಾಹೀರಾತಿಗೆ 2023ರ ಜುಲೈ 1ರಿಂದ, ಶಸ್ತ್ರಚಿಕಿತ್ಸೆಯಿಲ್ಲದ ಚಿಕಿತ್ಸೆಗಳಿಗೆ 2025ರ ಸೆಪ್ಟೆಂಬರ್ 2ರಿಂದ ಪ್ರತ್ಯೇಕ ಮಾರ್ಗಸೂಚಿಗಳಿವೆ.

ಯುರೋಪ್ ಒಕ್ಕೂಟದ 2001ರ ಔಷಧ ನಿರ್ದೇಶನವೂ ಚೀಟಿ ಔಷಧದ ಸಾರ್ವಜನಿಕ ಜಾಹೀರಾತನ್ನು ನಿಷೇಧಿಸಿದೆ. ಫ್ರಾನ್ಸ್ 2023ರ ಜೂನ್‌ನಲ್ಲಿ ತಂದ ಕಾನೂನಿನಲ್ಲಿ ಜಾಲತಾಣದ ಇನ್‌ಫ್ಲುಯೆನ್ಸರುಗಳು ಸೌಂದರ್ಯ ಚಿಕಿತ್ಸೆಗಳನ್ನು ಹಣ ಪಡೆದು ಹೊಗಳುವುದನ್ನೇ ನಿಲ್ಲಿಸಿತು. ಇವೆಲ್ಲಕ್ಕೂ ಎದುರು ದಿಕ್ಕಿನಲ್ಲಿ ಅಮೆರಿಕ ಮತ್ತು ನ್ಯೂಜಿಲೆಂಡ್ ಇವೆ. ಅಲ್ಲಿ ಚೀಟಿ ಔಷಧವನ್ನು ನೇರವಾಗಿ ಜನರಿಗೆ ಜಾಹೀರಾತು ಮಾಡಬಹುದು, ಜೊತೆಗೆ ಅಪಾಯಗಳನ್ನೂ ಹೇಳಬೇಕು. ನಮ್ಮವರು ಯೂಟ್ಯೂಬಿನಲ್ಲಿ ನೋಡುವ ಬೊಟಾಕ್ಸ್ ಜಾಹೀರಾತುಗಳಲ್ಲಿ ಹಲವು ಅಮೆರಿಕದವು. ಆ ದೇಶದಲ್ಲಿ ಸರಿ ಎಂದಮಾತ್ರಕ್ಕೆ ಎಲ್ಲೆಡೆ ಸರಿ ಎಂಬ ಭ್ರಮೆ ಅದರಿಂದ ಹುಟ್ಟುತ್ತದೆ.

ಭಾರತ

ಭಾರತದಲ್ಲಿ ಒಂದೇ ಕಾನೂನು ಇಲ್ಲ. ನಾಲ್ಕು ಬೇಲಿಗಳಿವೆ, ಪ್ರತಿಯೊಂದೂ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ದನವನ್ನು ನೆನೆದು ಕಟ್ಟಿದ್ದು.

ಮೊದಲನೆಯದು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತು) ಕಾಯ್ದೆ. ತಾಯಿತ, ಮಂತ್ರ, ಗುಪ್ತರೋಗದ ಗುಳಿಗೆಗಳ ಕಾಲದ ಕಾನೂನು ಇದು. ಅದರ ಅನುಸೂಚಿಯಲ್ಲಿ 54 ಕಾಯಿಲೆ, ಸ್ಥಿತಿಗಳಿವೆ. ಬೊಜ್ಜು, ತೊನ್ನು, ಎತ್ತರ, ಸ್ತನದ ಆಕಾರ ಅದರಲ್ಲಿ ಇರುವುದರಿಂದ, ಇವನ್ನು ಸರಿಪಡಿಸುತ್ತೇವೆಂದು ಔಷಧದ ಜಾಹೀರಾತು ಕೊಡುವುದು ನಿಷಿದ್ಧ. ಸುಕ್ಕು, ಮೈಬಣ್ಣ ಇಲ್ಲ. ಮೊದಲ ಬಾರಿ ತಪ್ಪಿದರೆ ಆರು ತಿಂಗಳವರೆಗೆ ಸೆರೆ, ಮತ್ತೆ ತಪ್ಪಿದರೆ ಒಂದು ವರ್ಷ. ಹಮ್ದರ್ದ್ ದವಾಖಾನಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಕಾಯ್ದೆಯ ಕೆಲವು ಭಾಗಗಳನ್ನು ಹೊಡೆದುಹಾಕಿದರೂ, ಇಂಥ ವಾಣಿಜ್ಯ ಜಾಹೀರಾತಿಗೆ ವಾಕ್‌ಸ್ವಾತಂತ್ರ್ಯದ ರಕ್ಷಣೆ ಇಲ್ಲವೆಂದು ಹೇಳಿ ಮೂಲ ಉದ್ದೇಶವನ್ನು ಎತ್ತಿಹಿಡಿಯಿತು. 2020ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ತಿದ್ದುಪಡಿ ಕರಡಿನಲ್ಲಿ ಪಟ್ಟಿ 78ಕ್ಕೆ ಏರಿತ್ತು. ಮೈಬಣ್ಣ ಬೆಳ್ಳಗಾಗಿಸುವುದು, ಅಕಾಲ ಮುಪ್ಪು, ಅಕಾಲ ನರೆ ಅದರಲ್ಲಿ ಸೇರಿದ್ದವು. ದಂಡ 50 ಲಕ್ಷ ರೂಪಾಯಿವರೆಗೆ, ಸೆರೆ ಐದು ವರ್ಷದವರೆಗೆ ಎಂದಿತ್ತು. ಫೇರ್‌ನೆಸ್ ಮಾರುಕಟ್ಟೆಯ ಮೇಲೆ ನೇರವಾಗಿ ಬೀಳುತ್ತಿದ್ದ ಏಟು ಅದು.

ಎರಡನೆಯದು 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆ ಹಾಗೂ ಅದರಡಿಯ ನಿಯಮಗಳು. ಸೌಂದರ್ಯವರ್ಧಕ ಎಂದರೆ ಮೈಗೆ ಹಚ್ಚುವ, ಸುರಿಯುವ, ಸಿಂಪಡಿಸುವ ವಸ್ತು ಎಂದು ಕಾಯ್ದೆ ಅರ್ಥ ಹೇಳುತ್ತದೆ. ಚುಚ್ಚುಮದ್ದನ್ನು ‘ಕಾಸ್ಮೆಟಿಕ್’ ಎಂದು ಕರೆದ ಮಾತ್ರಕ್ಕೆ ಅದು ಔಷಧವಲ್ಲದೆ ಹೋಗುವುದಿಲ್ಲ. ಎಚ್ ಅನುಸೂಚಿಯ ಔಷಧದ ಟ್ಯೂಬನ್ನು ಕೈಗೆತ್ತಿಕೊಂಡು ನೋಡಿ: ಎಡಬದಿಯಲ್ಲಿ ಉದ್ದಕ್ಕೆ ಒಂದು ಕೆಂಪು ಗೆರೆ, ‘ಆರ್‌ಎಕ್ಸ್’ ಗುರುತು, ನೋಂದಾಯಿತ ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂಬ ಸಾಲು. ಹೈಡ್ರೊಕ್ವಿನೋನ್, ಟ್ರೆಟಿನಾಯಿನ್ ಜೊತೆ ಸ್ಟಿರಾಯ್ಡ್ ಬೆರೆಸಿದ ಕ್ರೀಮುಗಳನ್ನು ‘ಬೆಳ್ಳಗಾಗುವ ಕ್ರೀಮು’ ಎಂದು ತಿಂಗಳುಗಟ್ಟಲೆ ಹಚ್ಚಿ, ಮುಖ ಕೆಂಪಾಗಿ, ಚರ್ಮ ತೆಳುವಾಗಿ, ಕೂದಲು ಮೊಳೆತು, ಬಿಟ್ಟರೆ ಉರಿ ತಾಳಲಾರದೆ ಮತ್ತೆ ಅದನ್ನೇ ಹಚ್ಚುವ ಹೆಣ್ಣುಮಕ್ಕಳನ್ನು ನಮ್ಮ ಚರ್ಮವೈದ್ಯರು ದಿನಾ ನೋಡುತ್ತಾರೆ. ಅವರ ಸಂಘಟಿತ ಒತ್ತಾಯದ ಫಲವಾಗಿ 2018ರ ಮಾರ್ಚ್‌ನಲ್ಲಿ 14 ಸ್ಟಿರಾಯ್ಡ್ ಲೇಪನಗಳನ್ನು ಚೀಟಿಯ ಕಟ್ಟಿಗೆ ತರಲಾಯಿತು. ಎಚ್, ಎಚ್1 ಮತ್ತು ಎಕ್ಸ್ ಅನುಸೂಚಿಯ ಔಷಧಗಳನ್ನು ಕೇಂದ್ರ ಸರ್ಕಾರದ ಪೂರ್ವಾನುಮತಿಯಿಲ್ಲದೆ ಜಾಹೀರಾತು ಮಾಡಬಾರದೆಂಬ ನಿಯಮವೂ ಇದೆ. ಆದರೆ ಅದು ಇರುವುದು ಔಷಧ ತಯಾರಕರ ಪರವಾನಗಿಯ ಷರತ್ತಾಗಿ. ಕ್ಲಿನಿಕ್ಕು ತಯಾರಕನಲ್ಲ. ತನ್ನ ರೋಗಿಗೆ ತಾನೇ ಔಷಧ ಕೊಡುವ ವೈದ್ಯರಿಗೆ ಮಾರಾಟ ಪರವಾನಗಿಯಿಂದಲೂ ಕೆ ಅನುಸೂಚಿಯಲ್ಲಿ ವಿನಾಯಿತಿ ಇದೆ. ಬೇಲಿಯ ದೊಡ್ಡ ಕಂಡಿ ಇರುವುದು ಇಲ್ಲಿ.

ಮೂರನೆಯದು ವೈದ್ಯರ ವೃತ್ತಿಸಂಹಿತೆ. 2002ರ ಭಾರತೀಯ ವೈದ್ಯ ಮಂಡಳಿ ನಿಯಮಾವಳಿಯ ಪ್ರಕಾರ ವೈದ್ಯರು ನೇರವಾಗಿ ಆಗಲಿ ಪರೋಕ್ಷವಾಗಿ ಆಗಲಿ ರೋಗಿಗಳನ್ನು ಕರೆಯುವಂತಿಲ್ಲ. ವೃತ್ತಿ ಆರಂಭ, ವಿಳಾಸ ಬದಲಾವಣೆ, ತಾತ್ಕಾಲಿಕ ಗೈರುಹಾಜರಿ, ಮರಳಿ ಬಂದದ್ದು, ಶುಲ್ಕದ ವಿವರ ಇಂಥ ಕೆಲವನ್ನು ಪತ್ರಿಕೆಯಲ್ಲಿ ಪ್ರಕಟಿಸಬಹುದು. ಫಲಕದ ಮೇಲೆ ಹೆಸರು, ಪದವಿ, ಬಿರುದು, ಪರಿಣತಿ, ನೋಂದಣಿ ಸಂಖ್ಯೆ ಬಿಟ್ಟರೆ ಬೇರೇನೂ ಇರಬಾರದು. ಫಲಕ ಅತಿ ದೊಡ್ಡದಾಗಿದ್ದರೂ ತಪ್ಪು, ಔಷಧದ ಅಂಗಡಿಯ ಮೇಲೆ ಹಾಕಿದರೂ ತಪ್ಪು. ಇದನ್ನು ಓದಿ ಬೆಂಗಳೂರಿನ ಯಾವುದಾದರೂ ಮುಖ್ಯರಸ್ತೆಯಲ್ಲಿ ಒಮ್ಮೆ ತಲೆಯೆತ್ತಿ ನೋಡಿದರೆ ನಿಯಮಕ್ಕೂ ನಡೆಗೂ ಇರುವ ದೂರ ಕಣ್ಣಿಗೆ ಕಟ್ಟುತ್ತದೆ. 2023ರ ಆಗಸ್ಟ್ 2ರಂದು ರಾಷ್ಟ್ರೀಯ ವೈದ್ಯಕೀಯ ಆಯೋಗ ಸಾಮಾಜಿಕ ಜಾಲತಾಣಗಳನ್ನೂ ಒಳಗೊಂಡ ಹೊಸ ನಿಯಮಾವಳಿ ತಂದಿತು. ಮೂರು ವಾರದಲ್ಲೇ, ಆಗಸ್ಟ್ 23ರಂದು, ಅದನ್ನು ತಡೆಹಿಡಿದು ಹಳೆಯದನ್ನೇ ಮತ್ತೆ ಜಾರಿಗೆ ತರಲಾಯಿತು. ಅದಕ್ಕಿಂತ ದೊಡ್ಡ ತೊಡಕೆಂದರೆ ಸಂಹಿತೆ ಕಟ್ಟುವುದು ವೈದ್ಯರನ್ನು ಮಾತ್ರ. ವೈದ್ಯರ ಹೆಸರಿಲ್ಲದೆ, ಬ್ರ್ಯಾಂಡಿನ ಹೆಸರಿನಲ್ಲಿ, ಕಂಪನಿಯಾಗಿ ನಡೆಯುವ ಕ್ಲಿನಿಕ್ ಸರಣಿ ಅದರ ಕೈಗೆ ಸಿಗುವುದಿಲ್ಲ. ಏಕಾಂಗಿಯಾಗಿ ವೃತ್ತಿ ಮಾಡುವ ವೈದ್ಯರು ಬಾಯಿ ಮುಚ್ಚಿಕೊಂಡಿರಬೇಕು, ಬಂಡವಾಳ ಹೂಡಿದವರು ಡಂಗುರ ಹೊಡೆಯಬಹುದು.

ನಾಲ್ಕನೆಯದು ಗ್ರಾಹಕ ಕಾನೂನು. 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ, ಮರುಕಳಿಸಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ಜಾಹೀರಾತಿಗೆ ಮುಖ ಕೊಟ್ಟ ನಟ, ಆಟಗಾರರನ್ನು ಮೊದಲು ಒಂದು ವರ್ಷ, ಆಮೇಲೆ ಮೂರು ವರ್ಷ ಜಾಹೀರಾತುಗಳಿಂದ ಹೊರಗಿಡಬಹುದು. 2022ರ ಜೂನ್ 9ರ ಮಾರ್ಗಸೂಚಿ ಮರೆಮಾಚಿದ ಜಾಹೀರಾತನ್ನೂ ಸೇರಿಸಿಕೊಂಡಿತು. 1985ರಲ್ಲಿ ಆರಂಭವಾದ ಜಾಹೀರಾತು ಮಾನದಂಡ ಮಂಡಳಿ ಉದ್ಯಮದ ಸ್ವಂತ ಕಾವಲುಗಾರ. 2023ರಿಂದ ಆರೋಗ್ಯದ ಬಗ್ಗೆ ಸಲಹೆ ಕೊಡುವ ಇನ್‌ಫ್ಲುಯೆನ್ಸರುಗಳು ತಮ್ಮ ವಿದ್ಯಾರ್ಹತೆ ಹೇಳಬೇಕೆಂದು ಅದು ನಿಯಮ ಮಾಡಿದೆ. ಇಲ್ಲಿಯೂ ಅಳತೆಗೋಲು ಸುಳ್ಳು–ನಿಜ ಎಂಬುದೇ.

ಹೀಗೆ, ‘ಹಬ್ಬದ ಆಫರ್, ಎರಡು ಏರಿಯಾ ಬೊಟಾಕ್ಸ್ ಮಾಡಿಸಿ, ಮೂರನೆಯದು ಉಚಿತ’ ಎಂದು ಒಂದು ಕಂಪನಿ ಕ್ಲಿನಿಕ್ ಜಾಲತಾಣದಲ್ಲಿ ಹಾಕಿತೆನ್ನಿ. ಹೇಳಿದ್ದು ನಿಜ, ಕೊಡುವುದೂ ನಿಜ. ಲಂಡನ್ನಿನಲ್ಲಿ ಈ ಒಂದು ಸಾಲಿನಲ್ಲಿ ಮದ್ದಿನ ಹೆಸರೇ ಸಾಕು ಜಾಹೀರಾತು ಇಳಿಸಲು. ನಮ್ಮಲ್ಲಿ ಸುಕ್ಕು 54ರ ಪಟ್ಟಿಯಲ್ಲಿಲ್ಲ, ಹಾಕಿದವರು ಔಷಧ ತಯಾರಕರಲ್ಲ, ವೈದ್ಯರ ಹೆಸರಿಲ್ಲ, ಸುಳ್ಳೂ ಇಲ್ಲ. ನಾಲ್ಕೂ ಬೇಲಿಗಳ ನಡುವಿನಿಂದ ಅದು ಸಲೀಸಾಗಿ ದಾಟಿಹೋಗುತ್ತದೆ. ಬೇಕಿರುವುದು ಹೊಸ ದೊಡ್ಡ ಕಾಯ್ದೆಯೇನಲ್ಲ. ತಯಾರಕರ ಪರವಾನಗಿಯಲ್ಲಿ ಕುಳಿತಿರುವ ಆ ಒಂದು ಷರತ್ತನ್ನು ಯಾರೇ ಜಾಹೀರಾತು ಕೊಟ್ಟರೂ ತಾಗುವಂತೆ ಮಾಡಿದರೆ ಬಹುಪಾಲು ಕೆಲಸ ಮುಗಿಯುತ್ತದೆ. 2025ರ ಮಾರ್ಚ್‌ನಿಂದ ತೂಕ ಇಳಿಸುವ ಟಿರ್ಜೆಪಟೈಡ್ ಚುಚ್ಚುಮದ್ದು ಭಾರತದ ಮಾರುಕಟ್ಟೆಗೆ ಬಂದ ಮೇಲಂತೂ ಈ ಕಂಡಿ ಮುಚ್ಚುವುದು ಇನ್ನೂ ತುರ್ತು.

ಕರ್ನಾಟಕದಲ್ಲಿ

ರಾಜ್ಯದ ಖಾಸಗಿ ಕ್ಲಿನಿಕ್ಕುಗಳೆಲ್ಲ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ, ಅಂದರೆ ಎಲ್ಲರ ಬಾಯಲ್ಲಿರುವ ಕೆಪಿಎಂಇ ಅಡಿಯಲ್ಲಿ, ನೋಂದಾಯಿಸಬೇಕು. ನೋಂದಣಿ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿ ಅಧ್ಯಕ್ಷರು. ಕಂಪನಿ ಕ್ಲಿನಿಕ್ಕನ್ನೂ ವೈದ್ಯರ ಕ್ಲಿನಿಕ್ಕನ್ನೂ ಸಮನಾಗಿ ಹಿಡಿಯುವ ಕಾನೂನು ಇದಾದ್ದರಿಂದ, ಜಾಹೀರಾತಿನ ಶಿಸ್ತಿಗೆ ಇದನ್ನು ಬಳಸಿಕೊಳ್ಳುವ ಅವಕಾಶ ದೊಡ್ಡದು. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ಬೆನ್ನಿಗೇ 21ರ ಹರೆಯದ ಕಿರುತೆರೆ ನಟಿಯೊಬ್ಬರು ತೀರಿಕೊಂಡಾಗ ಇಡೀ ನಾಡು ಬೆಚ್ಚಿತ್ತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ, ಕೂದಲು ನಾಟಿಯಂಥ ಸೌಂದರ್ಯ ಚಿಕಿತ್ಸೆಗಳನ್ನು ತರಬೇತಿ ಪಡೆದ ನೋಂದಾಯಿತ ವೈದ್ಯರೇ ಮಾಡಬೇಕು, ವಿಡಿಯೊ ನೋಡಿ ಕಲಿತದ್ದು ತರಬೇತಿ ಆಗುವುದಿಲ್ಲ ಎಂದು ಸ್ಪಷ್ಟಪಡಿಸಿತು.

ದೂರು ಕೊಡುವವರು ಬಾಗಿಲು ತಿಳಿದು ಹೋಗಬೇಕಾಗುತ್ತದೆ. ವೈದ್ಯರ ನಡತೆಯಾದರೆ ಕರ್ನಾಟಕ ವೈದ್ಯಕೀಯ ಪರಿಷತ್ತು, ಕ್ಲಿನಿಕ್ಕಿನ ನೋಂದಣಿಯಾದರೆ ಜಿಲ್ಲಾ ಕೆಪಿಎಂಇ ಪ್ರಾಧಿಕಾರ, ಮದ್ದಿನ ಅಸಲಿತನವಾದರೆ ರಾಜ್ಯದ ಔಷಧ ನಿಯಂತ್ರಣಾಧಿಕಾರಿಗಳು, ಜಾಹೀರಾತಿನ ಸುಳ್ಳಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಅಥವಾ ಜಾಹೀರಾತು ಮಾನದಂಡ ಮಂಡಳಿ. 1954ರ ಕಾಯ್ದೆಯ ದೂರುಗಳಿಗೆ ರಾಜ್ಯಗಳು ಪ್ರತ್ಯೇಕ ವ್ಯವಸ್ಥೆ ಮಾಡಬೇಕೆಂದು ಸುಪ್ರೀಂ ಕೋರ್ಟ್ 2025ರ ಮಾರ್ಚ್ 26ರಂದು ಆದೇಶಿಸಿದೆ. ಇನ್‌ಸ್ಟಾಗ್ರಾಮಿನ ‘ಸ್ಟೋರಿ’ 24 ಗಂಟೆಯಲ್ಲಿ ಮಾಯವಾಗುವುದರಿಂದ ಜಾಹೀರಾತು ಕಂಡ ಕೂಡಲೇ ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಬೇಕು. ಚುಚ್ಚಿಸಿಕೊಳ್ಳುವ ಮುನ್ನ ಸೀಸೆಯನ್ನು ಕೇಳಿ ಪಡೆದು, ಲೇಬಲ್ಲಿನ ಹೆಸರು, ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನಾಂಕ ಕಾಣುವಂತೆ ಫೋಟೊ ತೆಗೆದುಕೊಳ್ಳಬಹುದು. ಎಷ್ಟು ಯೂನಿಟ್ ಕೊಟ್ಟರೆಂದು ಬಿಲ್ಲಿನಲ್ಲಿ ಬರೆಸಿಕೊಳ್ಳಲೂಬಹುದು.